ಅಣಬೆಯ ಅರ್ಕ

ಶನಿವಾರ ಬೆಳಿಗ್ಗೆ ಶಶಿಧರ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ಹೆಂಡತಿಯ ಕೈಗಳನ್ನು ನೋಡುತ್ತಿದ್ದ. ಕಾವ್ಯಶ್ರೀ ನೆಲದ ಮೇಲೆ ಕೂತು ಸಣ್ಣ ಸಣ್ಣ ಕಂದು ಬಾಟಲಿಗಳಿಗೆ ಅಣಬೆಯ ಅರ್ಕ ತುಂಬಿಸುತ್ತಿದ್ದಳು. ಎಡಗೈಯ ಎರಡು ಬೆರಳಲ್ಲಿ ಲಾಳಿಕೆ ಹಿಡಿದು, ಕೆಳದುಟಿ ಕಚ್ಚಿಕೊಂಡು, ಹನಿಯೂ ಚೆಲ್ಲದ ಹಾಗೆ ಹೊಯ್ಯುತ್ತಿದ್ದಳು. ಬಾಟಲಿ ತುಂಬಿದ ಮೇಲೆ ಲಾಳಿಕೆಯ ತುದಿಯಲ್ಲಿ ಉಳಿದ ಕಪ್ಪು ಹನಿಯನ್ನು ಹಾಳು ಮಾಡಬಾರದೆಂದು ಮುಂಗೈಗೆ ಸವರಿಕೊಳ್ಳುತ್ತಿದ್ದಳು. ಅವಳು ಸವರಿಕೊಂಡಾಗಲೆಲ್ಲ ಅವನು ಏನೋ ಹೇಳಲು ಬಾಯಿ ತೆರೆದು ಮುಚ್ಚುತ್ತಿದ್ದ. ಈ ಬಾಟಲಿ ತುಂಬಲಿ, ಆಮೇಲೆ ಹೇಳುತ್ತೇನೆ ಅಂದುಕೊಂಡ. ಬಾಟಲಿ ತುಂಬಿತು. ಅವಳು ಇನ್ನೊಂದನ್ನು ಎತ್ತಿಕೊಂಡಳು.

"ಅಲ್ಲೇನ್ರೀ, ಕಾವಲು ಕಾಯೋರ ಥರ ನಿಂತಿದ್ದೀರ? ಬನ್ನಿ, ಚೀಟಿ ಅಂಟ್ಸಿ," ಅಂದಳು ತಲೆಯೆತ್ತದೆ.

ಅವನು ಹೋಗಿ ಅವಳ ಎದುರು ಕೂತ. ಚೀಟಿಯ ಮೇಲೆ ಅವಳೇ ಬಿಡಿಸಿದ ರೀಶಿ ಅಣಬೆಯ ಚಿತ್ರವಿತ್ತು. ಮರದ ಬೊಡ್ಡೆಗೆ ಕಿವಿಯಂತೆ ಅಂಟಿಕೊಂಡು ಬೆಳೆಯುವ, ಅರಗು ಬಳಿದಂತೆ ಹೊಳೆಯುವ ಕೆಂಗಂದು ಅಣಬೆ. ನೋಡಿದವರು ಇದೇನು ಕಿವಿಗೆ ಹಾಕುವ ಔಷಧವಾ ಎಂದು ಕೇಳುತ್ತಿದ್ದರು, ಅವಳು ಬೇಸರವಿಲ್ಲದೆ ಪ್ರತಿ ಸಲವೂ ವಿವರಿಸುತ್ತಿದ್ದಳು. ಕುಶಾಲನಗರದ ಅಂಚಿನಲ್ಲಿರುವ ಅವರ ಮನೆಯ ಹಿಂದಿನ ಶೆಡ್ಡಿನಲ್ಲಿ, ಮರದ ಹೊಟ್ಟು ತುಂಬಿದ ಚೀಲಗಳಲ್ಲಿ ಅವಳು ಅದನ್ನು ಬೆಳೆಸುತ್ತಿದ್ದಳು. ಒಣಗಿಸಿ ಚೂರು ಮಾಡಿದ ಅಣಬೆಯನ್ನು ಒಂದಿಷ್ಟು ನೀರಿನಲ್ಲಿ ಕುದಿಸಿ ಸಾರ ತೆಗೆಯುತ್ತಿದ್ದಳು, ಇನ್ನೊಂದಿಷ್ಟನ್ನು ಸ್ಪಿರಿಟ್ಟಿನಲ್ಲಿ ವಾರಗಟ್ಟಲೆ ನೆನೆಸಿ, ಸೋಸಿ, ಸ್ಪಿರಿಟ್ಟು ಹಾರಿಹೋಗುವ ತನಕ ಬಿಟ್ಟು ಅರ್ಕ ಮಾಡುತ್ತಿದ್ದಳು. ನೀರಿನ ಸಾರ ಪೇಲವ, ಎರಡನೇ ಸಲ ಕುದಿಸಿದ ಚಹಾದ ಹಾಗೆ. ಅರ್ಕ ಕಪ್ಪಗೆ, ಕಹಿಯಾಗಿ, ಮೂಗಿಗೆ ಹೊಡೆಯುವಂಥದು. ಅವಳ ಹೆಮ್ಮೆಯೆಲ್ಲ ಅರ್ಕದ ಮೇಲೆ. ಒಡೆದ ಹಿಮ್ಮಡಿಗೆ, ಶುಂಠಿ ತೊಳೆದು ಉರಿಯುವ ಅಂಗೈಗೆ ಎಂದು ಗುರುತಿನವರಿಗೆಲ್ಲ ಕೊಟ್ಟಿದ್ದಳು. ಮೊದಲು ಅವನನ್ನೇ ಕೇಳಿದ್ದಳು ನಿಜ. ನೀವು ಲ್ಯಾಬಲ್ಲಿ ನೋಡಿ ಹೇಳಿ, ಆಮೇಲೆ ಧೈರ್ಯವಾಗಿ ಕೊಡ್ತೀನಿ ಅಂದಿದ್ದಳು. ಅವನು ಹೂಂ ಅಂದಿದ್ದ. ಆಮೇಲೆ ಪರೀಕ್ಷೆಗೆ ಬೇಕಾದ ಸಾಮಾನು ಬರಲಿಲ್ಲ, ಯಂತ್ರ ಕೆಟ್ಟಿತು, ಕಾಲೇಜಿನಲ್ಲಿ ಪರೀಕ್ಷೆಗಳು ಬಂದವು. ಅವಳು ಕಾದಷ್ಟು ಕಾದು, ಅವನು ಏನೂ ಹೇಳದಿರುವುದನ್ನೇ ಒಪ್ಪಿಗೆ ಎಂದುಕೊಂಡಳು. ಅದನ್ನು ತಿದ್ದುವ ಗೊಡವೆಗೆ ಅವನೂ ಹೋಗಲಿಲ್ಲ, ಅವಳ ಮುಖದ ಆ ಕಳೆ ಇರಲಿ ಎಂದು.

ಈಗ ಅವನಿಗೆ ಉತ್ತರ ಗೊತ್ತಾಗಿತ್ತು. ಗುರುವಾರವೇ ಗೊತ್ತಾಗಿತ್ತು.

ಕುಶಾಲನಗರದ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಮೇಷ್ಟ್ರಾಗಿದ್ದ ಶಶಿಧರ ನಲವತ್ತು ದಾಟಿದ ಮೇಲೆ ಪಿಎಚ್.ಡಿ. ಮಾಡಲು ಹೊರಟಿದ್ದ. ರಜೆ ಸಿಕ್ಕಾಗಲೆಲ್ಲ ಬಸ್ಸು ಹತ್ತಿ ಮೈಸೂರಿನ ಲ್ಯಾಬಿಗೆ ಹೋಗುತ್ತಿದ್ದ. ಅಲ್ಲಿ ಎಲ್ಲರಿಗಿಂತ ದೊಡ್ಡವನು ಅವನು, ಎಲ್ಲರಿಗಿಂತ ನಿಧಾನದವನೂ ಅವನೇ. ಹನಿ ಅಳೆದು ಹಾಕುವ ಪಿಪೆಟ್ ಹಿಡಿದರೆ ಅವನ ಕೈ ಸಣ್ಣಗೆ ನಡುಗುತ್ತಿತ್ತು. ಪಕ್ಕದ ಮೇಜಿನ ಹರ್ಷಿತಾ, ಅವನ ವಿದ್ಯಾರ್ಥಿನಿಯಾಗಬಹುದಾಗಿದ್ದ ವಯಸ್ಸಿನ ಹುಡುಗಿ, ಅದನ್ನು ನೋಡಿಯೂ ನೋಡದವಳಂತೆ, "ಸರ್, ಮೊಣಕೈ ಊರಿಕೊಳ್ಳಿ, ನಾನೂ ಹಂಗೇ ಮಾಡೋದು" ಎನ್ನುತ್ತಿದ್ದಳು. ಅವಳು ಹಾಗೆ ಮಾಡುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಆದರೂ ಆ ಲ್ಯಾಬಿಗೆ ಹೋಗಲು ಅವನ ಜೀವ ಹಾತೊರೆಯುತ್ತಿದ್ದುದಕ್ಕೆ ಇನ್ನೊಂದು ಕಾರಣವಿತ್ತು, ಅದನ್ನು ಅವನು ಯಾರಿಗೂ ಬಿಡಿಸಿ ಹೇಳಿರಲಿಲ್ಲ. ಕಳೆದ ವರ್ಷ ಕಾವ್ಯಶ್ರೀಯ ಬೆನ್ನಿನ ಮೇಲಿದ್ದ ಒಂದು ಗಂಟನ್ನು ಮೈಸೂರಿನ ಆಸ್ಪತ್ರೆಯಲ್ಲಿ ತೆಗೆದಿದ್ದರು. ಗಂಟಿನ ಜೊತೆ ಬಂದ ಚೂರು ಚರ್ಮವನ್ನು ಲ್ಯಾಬಿಗೆ ಕೊಡಬಹುದೇ ಎಂದು ಅವನು ಕೇಳಿದಾಗ ಅವಳು ಮಗ್ಗುಲಾಗಿ ಮಲಗಿದ್ದಲ್ಲಿಂದಲೇ ನಕ್ಕು, ತಗೊಳ್ಳಲಿ ಬಿಡಿ, ಬಿಸಾಕೋದು ತಾನೆ ಅಂದಿದ್ದಳು. ಆ ಚೂರಿನಿಂದ ಬಿಡಿಸಿದ ಜೀವಕೋಶಗಳು ಪ್ಲಾಸ್ಟಿಕ್ ತಟ್ಟೆಯ ತಳಕ್ಕೆ ಅಂಟಿಕೊಂಡು, ಗುಲಾಬಿ ಬಣ್ಣದ ಪೋಷಕ ದ್ರವ ಕುಡಿದು ಬೆಳೆದವು. ಒಂದು ಎರಡಾಯಿತು, ಎರಡು ನಾಲ್ಕಾಯಿತು. ಸೂಕ್ಷ್ಮದರ್ಶಕದ ಕೆಳಗೆ ಅವು ಉದ್ದುದ್ದಕ್ಕೆ ಮೈ ಚಾಚಿಕೊಂಡು, ಹೊಳೆಯಲ್ಲಿ ಒಂದೇ ದಿಕ್ಕಿಗೆ ಮುಖ ಮಾಡಿದ ಮೀನುಗಳ ಹಿಂಡಿನಂತೆ ಕಾಣುತ್ತಿದ್ದವು. ಇವಳನ್ನು ಇಷ್ಟು ಹತ್ತಿರದಿಂದ ಯಾರೂ ನೋಡಿಲ್ಲ ಎಂದು ಅವನಿಗೆ ಅನ್ನಿಸುತ್ತಿತ್ತು. ದ್ರವ ಬದಲಿಸಲೆಂದೇ ಒಮ್ಮೊಮ್ಮೆ ಭಾನುವಾರವೂ ಬಸ್ಸು ಹತ್ತುತ್ತಿದ್ದ. ಹರ್ಷಿತಾ ಬಾಗಿಲಿಂದ ಇಣುಕಿ, "ಸರ್, ಮೇಡಂಗೆ ಊಟ ಆಯ್ತಾ?" ಎಂದು ಕೇಳುತ್ತಿದ್ದಳು. ಅವನ ಕಿವಿ ಕೆಂಪಾಗುತ್ತಿತ್ತು.

ಆ ಜೀವಕೋಶಗಳ ಮೇಲೆಯೇ ಅವನು ಅವಳ ಸಾರವನ್ನೂ ಅರ್ಕವನ್ನೂ ಹಾಕಿದ್ದು. ಬೇರೆಯವರ ಚರ್ಮದ ಜೀವಕೋಶಗಳೂ ಇದ್ದವು. ಆದರೂ ಅವಳು ಮಾಡಿದ್ದು ಅವಳಿಗೇ ಮೊದಲು ಸಲ್ಲಲಿ ಎಂಬ ಹುಚ್ಚು ಪ್ರೀತಿಯಲ್ಲಿ ಅವಳವನ್ನೇ ಆರಿಸಿಕೊಂಡಿದ್ದ. ಗುರುವಾರ ತಟ್ಟೆ ತೆಗೆದು ನೋಡಿದರೆ ಅದರ ಸಾಲು ಸಾಲು ಪುಟ್ಟ ಗುಂಡಿಗಳ ಪೈಕಿ ನೀರಿನ ಸಾರ ಹಾಕಿದವುಗಳಲ್ಲಿ ಜೀವಕೋಶಗಳು ಹಾಯಾಗಿ ಮೈ ಚಾಚಿಕೊಂಡಿದ್ದವು. ಅರ್ಕ ಹಾಕಿದ ಗುಂಡಿಗಳಲ್ಲಿ, ತೀರಾ ತೆಳು ಮಾಡಿ ಹಾಕಿದ್ದೊಂದನ್ನು ಬಿಟ್ಟರೆ, ಎಲ್ಲವೂ ಮುದುಡಿ ಉಂಡೆಯಾಗಿದ್ದವು. ತಳ ಬಿಟ್ಟು ಎದ್ದು, ಬೂದಿಯ ಕಣಗಳಂತೆ ತೇಲುತ್ತಿದ್ದವು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದ. ಸ್ಪಿರಿಟ್ಟಿನ ತಪ್ಪಿರಬಹುದು ಎಂಬ ಆಸೆಯಿಂದ ಬರೀ ಸ್ಪಿರಿಟ್ಟು ಬೆರೆಸಿದ ಗುಂಡಿಯನ್ನು ನೋಡಿದ, ಅಲ್ಲಿ ಅವು ಬದುಕಿದ್ದವು. ತಟ್ಟೆಯ ಮೇಲೆ ಬಗ್ಗಿ, ತನಗೇ ಗೊತ್ತಿಲ್ಲದೆ, "ಕಾವ್ಯ" ಎಂದ. ಪಕ್ಕದಲ್ಲಿ ಏನೋ ಬರೆಯುತ್ತಿದ್ದ ಹರ್ಷಿತಾ ಪೆನ್ನು ಕೆಳಗಿಟ್ಟು, ಫೋನು ಬಂದವಳಂತೆ ನಟಿಸುತ್ತ ಹೊರಗೆ ಹೋದಳು.

ಶುಕ್ರವಾರ ಸಂಜೆ ಕುಶಾಲನಗರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಕಾವ್ಯಶ್ರೀ ಸ್ಕೂಟರ್ ತಂದು ಕಾಯುತ್ತಿದ್ದಳು. ದುಬಾರೆಯ ಕಡೆಯ ಹೋಂಸ್ಟೇ ಒಂದರ ಶರ್ಮಿಳಾ ಅನ್ನುವವರು ಅರ್ಕ ಹಚ್ಚಿಕೊಂಡು ಹಿಮ್ಮಡಿ ಎಷ್ಟು ನಯವಾಯಿತೆಂದು ಫೋನು ಮಾಡಿದ್ದರಂತೆ, ಇನ್ನೂ ಬಾಟಲಿ ಬೇಕಂತೆ. ದಾರಿಯುದ್ದಕ್ಕೂ ಅವಳು ಅದನ್ನೇ, ಆ ಹೆಂಗಸಿನ ದನಿಯನ್ನು ಅನುಕರಿಸುತ್ತ ಹೇಳಿದ್ದಳು. ಹಿಂದೆ ಕೂತು ಅವಳ ಜಡೆ ತನ್ನ ಗಲ್ಲಕ್ಕೆ ತಾಗುವುದನ್ನು ಅನುಭವಿಸುತ್ತ ಅವನು ತನಗೆ ತಾನೇ ಒಂದು ವಾದ ಹೂಡಿಕೊಂಡ. ತಟ್ಟೆಯ ಜೀವಕೋಶ ಬೇರೆ, ಮೈಮೇಲಿನ ಚರ್ಮ ಬೇರೆ. ತಟ್ಟೆಯಲ್ಲಿ ಅವು ಬೆತ್ತಲೆ. ಮೈಮೇಲಾದರೆ ಸತ್ತ ಪದರವೊಂದು ಮೇಲೆ ಹೊದಿಕೆಯಂತೆ ಇದ್ದು ಕಾಪಾಡುತ್ತದೆ. ಶರ್ಮಿಳಾ ಅವರ ಹಿಮ್ಮಡಿ ನಯವಾಗಿಯೂ ಇರಬಹುದು. ಹಾಗಿದ್ದ ಮೇಲೆ ಇವತ್ತೇ ಹೇಳುವ ಆತುರವೇನಿದೆ? ಇನ್ನೊಂದು ಸಲ ಪರೀಕ್ಷೆ ಮಾಡಿ ಹೇಳಿದರಾಯಿತು. ಈ ವಾದ ಸರಿಯಾಗಿಯೇ ಇತ್ತು. ಸರಿಯಾಗಿದ್ದುದರಿಂದಲೇ ಅದರ ಮರೆಯಲ್ಲಿ ಅಡಗಿ ಕೂರಲು ಅವನಿಗೆ ನಾಚಿಕೆಯೂ ಆಗುತ್ತಿತ್ತು.

ಶನಿವಾರ ಬೆಳಿಗ್ಗೆ ಹೀಗೆ ಚೀಟಿ ಅಂಟಿಸುತ್ತಿದ್ದಾಗ ಅವಳಿಗೆ ಫೋನು ಬಂತು. ಅವಳ ದೊಡ್ಡಮ್ಮ ಲಿಂಗಮ್ಮನ ಮಗ ನಾಗರಾಜು. ತಾಯಿ ಹೋದ ಮೇಲೆ ಕಾವ್ಯಶ್ರೀ ಬೆಳೆದದ್ದು ಹಾರಂಗಿ ನಾಲೆಯ ಕಡೆಗಿರುವ ಅವರ ಮನೆಯಲ್ಲೇ. ಹಾಸನದ ಸೀಮೆಯಿಂದ ಬಂದು ಗದ್ದೆ, ಶುಂಠಿ ಮಾಡಿಕೊಂಡು ನೆಲೆನಿಂತ ಮನೆ ಅದು. ಫೋನಿನಲ್ಲಿ ನಾಗರಾಜುವಿನ ದನಿ ಶಶಿಧರನಿಗೂ ಕೇಳುತ್ತಿತ್ತು. "ಅವ್ವ ಹಂಡೆಯಿಂದ ಬಿಸಿನೀರು ತೋಡೋಕೆ ಹೋಗಿ ಕಾಲಿನ ಮೇಲೆ ಸುರ್ಕೊಂಡವ್ಳೆ ಕಣೆ. ಬೊಬ್ಬೆ ಎದ್ದು ಒಡೆದೋಗ್ಯದೆ. ಆಸ್ಪತ್ರೆಗೆ ಬಾ ಅಂದ್ರೆ ಕೇಳಲ್ಲ. ಕಾವ್ಯನ್ ಔಷಧಿ ಹಚ್ತೀನಿ, ಅವಳನ್ನೇ ಕರಿ ಅಂತ ಕೂತವ್ಳೆ."

ಕಾವ್ಯಶ್ರೀ ಎದ್ದಳು, ಸೆರಗು ಕೊಡವಿದಳು, ಈಗಷ್ಟೇ ಚೀಟಿ ಅಂಟಿಸಿದ ಬಾಟಲಿಯೊಂದನ್ನು ಅವನ ಕೈಯಿಂದಲೇ ತೆಗೆದುಕೊಂಡು ಚೀಲಕ್ಕೆ ಹಾಕಿದಳು. ಒಡೆದ ಬೊಬ್ಬೆಯ ಮೇಲೆ ಸತ್ತ ಪದರ ಇರುವುದಿಲ್ಲ. ತಟ್ಟೆಯಲ್ಲಿರುವ ಹಾಗೆಯೇ ಬೆತ್ತಲೆ. ಅವನು ಅಡಗಿ ಕೂತಿದ್ದ ಮರೆ ಒಂದೇ ಮಾತಿಗೆ ಕಿತ್ತುಹೋಗಿತ್ತು. "ನಾನೂ ಬರ್ತೀನಿ," ಎಂದ. "ಬನ್ನಿ, ನಿಮ್ಮನ್ನ ನೋಡಿದ್ರೆ ಅವ್ಳಿಗೂ ಖುಷಿ," ಅಂದಳು.

ಸ್ಕೂಟರನ್ನು ಅವನೇ ಓಡಿಸಿದ. ಫೆಬ್ರವರಿಯ ಬಿಸಿಲು ಆಗಲೇ ಚುರುಕಾಗಿತ್ತು. ಪ್ರವಾಸಿಗಳ ಜೀಪುಗಳು ದುಬಾರೆಯ ಕಡೆಗೆ ಸಾಲುಗಟ್ಟಿದ್ದವು, ಲಾರಿಯೊಂದರಿಂದ ಮಣ್ಣು ಮೆತ್ತಿದ ಶುಂಠಿಯ ಘಾಟು ರಸ್ತೆಯುದ್ದಕ್ಕೂ ಹರಡಿತ್ತು. ಪೇಟೆ ದಾಟಿದ ಮೇಲೆ ಹೇಳುತ್ತೇನೆ ಅಂದುಕೊಂಡ. ಪೇಟೆ ದಾಟಿತು. "ಕಾವ್ಯ," ಎಂದ. ಎದುರಿಂದ ಬಂದ ಬಸ್ಸು ಹಾರನ್ ಹೊಡೆಯಿತು. "ಏನಂದ್ರಿ?" ಎಂದು ಅವಳು ಗಲ್ಲವನ್ನು ಅವನ ಹೆಗಲ ಮೇಲಿಟ್ಟು ಕೇಳಿದಳು. "ಎಂತ ಇಲ್ಲೆ," ಅಂದುಬಿಟ್ಟ. ಭಾಗಮಂಡಲದ ಕಡೆಯ ಅವನ ಮನೆಮಾತು ಅರೆಭಾಷೆ, ಎದೆ ಡವಗುಟ್ಟಿದಾಗ ತಾನಾಗಿ ಬಾಯಿಗೆ ಬರುತ್ತಿತ್ತು. "ಇಲ್ಲೆ ಅಂದ್ರೆ ಏನೋ ಇದೆ ಅಂತ," ಎಂದು ಅವಳು ನಕ್ಕು ಅವನ ಬೆನ್ನು ಗುದ್ದಿದಳು. ಮದುವೆಯಾದ ಹೊಸತರಲ್ಲಿ ಅವನ ಅಮ್ಮನ ಜೊತೆ ಮಾತಾಡಲೆಂದು ಅವಳು ಅರೆಭಾಷೆ ಕಲಿಯಲು ಹೊರಟಿದ್ದು ನೆನಪಾಯಿತು. ಬೆಳಗಿನಿಂದ ಸಂಜೆಯ ತನಕ ಒಂದೊಂದು ಪಾತ್ರೆ ಎತ್ತಿ ಹೆಸರು ಕೇಳಿ ಕೇಳಿ ಅಮ್ಮನನ್ನು ನಗಿಸಿದ್ದಳು. ಗೊತ್ತಿಲ್ಲದ್ದನ್ನು ಕೇಳಲು ಅವಳಿಗೆ ಎಂದೂ ನಾಚಿಕೆಯಿರಲಿಲ್ಲ. ಗೊತ್ತಿರುವುದನ್ನು ಹೇಳಲು ತನಗೇಕೆ ಇಷ್ಟು ಕಷ್ಟ? ಅವಳು ನೊಂದುಕೊಳ್ಳುತ್ತಾಳೆ ಎಂದೇ, ಅಥವಾ ನೊಂದ ಅವಳ ಮುಖವನ್ನು ನೋಡಬೇಕಾದವನು ತಾನು ಎಂದೇ? ಸ್ಕೂಟರ್ ನಾಲೆಯ ಏರಿಗೆ ಹತ್ತಿತು.

ಲಿಂಗಮ್ಮ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದರು. ಮೊಣಕಾಲಿನಿಂದ ಪಾದದ ತನಕ ಹಳೇ ಪಂಚೆಯ ತುಂಡು ಸುತ್ತಿತ್ತು. ನೋವಿಗೆ ಮುಖ ಸುಕ್ಕಾಗಿದ್ದರೂ ಅಳಿಯನನ್ನು ಕಂಡು ಸೆರಗು ಸರಿಮಾಡಿಕೊಂಡರು. "ಬನ್ನಿ ಅಳಿಯಂದ್ರೇ, ನೋಡಿ ನನ್ ಅವಸ್ಥೆಯ. ಇಷ್ಟು ವರ್ಷ ನೀರು ಕಾಯ್ಸಿರೋಳು ಇವತ್ತು ಮಗು ಥರ ಸುರ್ಕೊಂಡೆ."

ಕಾವ್ಯಶ್ರೀ ಅವರ ಕಾಲ ಬಳಿ ಕೂತು, ಅಂಟಿಕೊಂಡ ಬಟ್ಟೆಗೆ ನೀರು ಹನಿಸಿ ಹನಿಸಿ ಬಿಡಿಸಿದಳು. ಕೆಳಗೆ ಚರ್ಮ ಸುಲಿದು ಹಸಿ ಕೆಂಪಾಗಿ, ಬಿಸಿಲಿಗೆ ಒದ್ದೆಯಾಗಿ ಹೊಳೆಯಿತು. ಶಶಿಧರ ಜಗಲಿಯ ಕಂಬ ಹಿಡಿದುಕೊಂಡ. ಅವಳು ಚೀಲದಿಂದ ಬಾಟಲಿ ತೆಗೆದಳು. ಮುಚ್ಚಳ ತಿರುಗಿಸಿದಳು. "ಸ್ವಲ್ಪ ಉರೀತದೆ ದೊಡ್ಡಮ್ಮ, ತಡ್ಕೋ," ಅಂದಳು. "ಉರೀಲಿ ಬಿಡು, ನಿನ್ ಕೈದು ತಾನೆ," ಎಂದು ಮುದುಕಿ ಕಣ್ಣು ಮುಚ್ಚಿಕೊಂಡರು. ಹತ್ತಿಯ ಮೇಲೆ ಕಪ್ಪು ಹನಿಗಳು ಹರಡಿದವು. ಅವಳ ಕೈ ಕೆಳಗಿಳಿಯಿತು.

"ಬೊತ್ತು! ಬೊತ್ತು ಕಾವ್ಯ, ಹಾಕ್‌ಬೇಡ!"

ಬೇಡ ಎಂಬುದನ್ನು ಮನೆಮಾತಿನಲ್ಲೇ ಎಷ್ಟು ಜೋರಾಗಿ ಕೂಗಿದನೆಂದರೆ ಅಂಗಳದಲ್ಲಿದ್ದ ಕೋಳಿಗಳು ಚದುರಿದವು. ಒಳಗಿದ್ದ ನಾಗರಾಜು ಓಡಿಬಂದ. ಲಿಂಗಮ್ಮ ಕಣ್ಣು ಬಿಟ್ಟು, "ಏನಂತಾವ್ರೆ ಅಳಿಯಂದ್ರು?" ಎಂದು ಮಗನನ್ನು ಕೇಳಿದರು. ಕಾವ್ಯಶ್ರೀ ಹತ್ತಿ ಹಿಡಿದ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿ ಅವನ ಕಡೆ ತಿರುಗಿದಳು. ಮೊದಲು ಅವಳ ಮುಖದಲ್ಲಿ ಇದ್ದದ್ದು ಬರೀ ಆಶ್ಚರ್ಯ. ಅವನು ತಡವರಿಸುತ್ತ, "ಅದು... ತೆರೆದ ಗಾಯಕ್ಕೆ ಒಳ್ಳೇದಲ್ಲ. ಲ್ಯಾಬಲ್ಲಿ ನೋಡ್ದೆ. ಚರ್ಮದ ಜೀವಕೋಶ ಸಾಯ್ತವೆ," ಎಂದ. ಎಲ್ಲರ ಎದುರು ಹೀಗೆ ಹೇಳಬಾರದಿತ್ತು ಎಂಬುದು ಹೇಳುತ್ತಿರುವಾಗಲೇ ಅವನಿಗೆ ತಿಳಿಯಿತು. ಆಶ್ಚರ್ಯದ ಜಾಗದಲ್ಲಿ ಬೇರೇನೋ ಬಂದು ಕೂತಿತು. ಅವಳು ಹತ್ತಿಯನ್ನು ಮಡಿಸಿ ಕಾಗದದಲ್ಲಿ ಸುತ್ತಿದಳು, ಮುಚ್ಚಳ ಹಾಕಿ ತಿರುಗಿಸಿದಳು. ಮುಚ್ಚಳ ಪೂರ್ತಿ ಬಿಗಿದ ಮೇಲೂ ಇನ್ನೊಂದು ಸುತ್ತು ತಿರುಗಿಸಲು ನೋಡಿದಳು.

"ಭಾವ ಓದಿದೋರು, ಅವ್ರಿಗೆ ಗೊತ್ತಿರ್ತದೆ. ಬಿಡು ಕಾವ್ಯ," ಎಂದ ನಾಗರಾಜು, ಸಮಾಧಾನ ಮಾಡುವವನಂತೆ. ಆ ಮಾತು ತನ್ನ ಕೆನ್ನೆಗೇ ಬಿದ್ದ ಹಾಗಾಯಿತು ಶಶಿಧರನಿಗೆ.

ಲಿಂಗಮ್ಮ ಮಾತ್ರ ಸೊಸೆಯಂದಿರನ್ನು ಗದರಿಸುವ ದನಿಯಲ್ಲಿ, "ಏನಾಯ್ತೀಗ? ಅವ್ಳು ಮಾಡಿದ್ದು ನನ್ ಅಂಗೈ ಉರಿಗೆ ಆಗಿತ್ತು, ಕಾಲಿಗೆ ಆಗ್ದಿದ್ರೆ ಬ್ಯಾಡ. ಎಲ್ಲದಕ್ಕೂ ಒಂದೇ ಆಯ್ತದಾ? ಎತ್ಕೊಳ್ರೋ ನನ್ನ, ಆಸ್ಪತ್ರೆಗೇ ಹೋಗಾನ," ಎಂದರು. ನಾಗರಾಜು ಹೋಗಿ ಗೂಡ್ಸ್ ಆಟೋ ತಂದ. ಮುದುಕಿಯನ್ನು ಎತ್ತುವಾಗ ಅವರ ತೋಳು ಶಶಿಧರನ ಕತ್ತಿನ ಸುತ್ತ ಬಂತು. ಅವನ ಕಿವಿಯ ಹತ್ತಿರ, ಬೇರೆಯವರಿಗೆ ಕೇಳಿಸದ ಹಾಗೆ, "ಅವ್ಳನ್ನ ನೋಯಿಸ್ಬ್ಯಾಡಿ ಅಳಿಯಂದ್ರೇ. ತಾಯಿ ಇಲ್ದೋಳು," ಎಂದರು. ಅವನು ಅವರನ್ನು ಮೆಲ್ಲಗೆ ಆಟೋದಲ್ಲಿ ಕೂರಿಸಿದ. ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರು ಗಾಯ ತೊಳೆದು, ಮುಲಾಮು ಹಚ್ಚಿ, ಬಟ್ಟೆ ಸುತ್ತಿ, ದಿನ ಬಿಟ್ಟು ದಿನ ಬರಲು ಹೇಳಿದರು. ಕಾವ್ಯಶ್ರೀ ಅಷ್ಟು ಹೊತ್ತೂ ದೊಡ್ಡಮ್ಮನ ಕೈ ಹಿಡಿದುಕೊಂಡು ನಿಂತಿದ್ದಳು. ಅವನ ಕಡೆ ಒಮ್ಮೆಯೂ ನೋಡಲಿಲ್ಲ.

ಮುದುಕಿಯನ್ನು ಮನೆಗೆ ಬಿಟ್ಟು ಹಿಂದಿರುಗುವಾಗ ಸ್ಕೂಟರಿನ ಮೇಲೆ ಅವಳ ಕೈ ಅವನ ಸೊಂಟದ ಮೇಲಿರಲಿಲ್ಲ, ಹಿಂದಿನ ಕಬ್ಬಿಣದ ಹಿಡಿಯ ಮೇಲಿತ್ತು. ಅಷ್ಟು ಹಗುರ ಕೈಯೊಂದರ ಭಾರ ಇಲ್ಲದಿರುವುದು ಇಷ್ಟು ದೊಡ್ಡದಾಗಿ ತಿಳಿಯಬಹುದೆಂದು ಅವನಿಗೆ ಗೊತ್ತಿರಲಿಲ್ಲ. ನಾಲೆಯ ಏರಿಯ ಮೇಲೆ, ಹೊಂಗೆ ಮರದ ಕೆಳಗೆ, "ನಿಲ್ಸಿ," ಅಂದಳು. ಇಳಿದು ನೀರಿನ ಅಂಚಿಗೆ ಹೋಗಿ ಕೂತಳು. ಹಾರಂಗಿಯಿಂದ ಬಿಟ್ಟ ನೀರು ಸದ್ದಿಲ್ಲದೆ, ಆದರೆ ರಭಸವಾಗಿ ಹೋಗುತ್ತಿತ್ತು. ಅವನು ಸ್ವಲ್ಪ ದೂರ ಬಿಟ್ಟು ಕೂತ.

"ಯಾವಾಗ ನೋಡಿದ್ದು?"

"ಗುರುವಾರ."

"ನಿನ್ನೆ ಬಸ್‌ಸ್ಟ್ಯಾಂಡಿಂದ ಮನೆ ತನಕ ನಾನು ಆ ಶರ್ಮಿಳಾ ಮೇಡಂ ಥರ ಮಾತಾಡಿ ತೋರಿಸ್ತಿದ್ದೆ. ನೀವು ನಗ್ತಿದ್ರಿ."

ಅವನು ಚಪ್ಪಲಿಯ ತುದಿಯಿಂದ ಮಣ್ಣು ಕೆದರಿದ.

"ಬೆಳಿಗ್ಗೆ ಚೀಟಿ ಅಂಟ್ಸಿದ್ರಿ. ನನ್ನ ಕೈಗೆ ಸವರ್ಕೊಳ್ಳೋದು ನೋಡ್ತಾ ಕೂತಿದ್ರಿ."

"ಹೇಳ್ಬೇಕು ಅಂತಾನೇ ಇದ್ದೆ ಕಾವ್ಯ. ನಿನ್ನ ಮುಖ ನೋಡಿದ್ರೆ..."

"ನನ್ನ ಮುಖದ ಮೇಲೆ ಹಾಕ್ಬೇಡಿ," ಅಂದಳು. ದನಿ ಏರಿರಲಿಲ್ಲ. ಒಂದು ಹುಲ್ಲುಕಡ್ಡಿ ಕಿತ್ತು ನೀರಿಗೆ ಎಸೆದಳು, ಅದು ಕಣ್ಣೆದುರೇ ಮಾಯವಾಯಿತು. ಆಮೇಲೆ ಕೇಳಿದಳು, "ಯಾರವು, ಆ ಜೀವಕೋಶ?"

ಇದನ್ನು ಕೇಳದಿದ್ದರೆ ಸಾಕೆಂದು ಅವನು ಬೆಳಗಿನಿಂದ ಹಾರೈಸುತ್ತಿದ್ದ. "ನಿನ್ನವು," ಎಂದ.

ಅವಳು ತನ್ನ ಬಲ ಹೆಗಲಿನ ಮೇಲಿಂದ ಕೈ ಹಿಂದಕ್ಕೆ ಹಾಕಿ, ರವಿಕೆಯ ಅಂಚಿನಲ್ಲಿ, ಹೊಲಿಗೆಯ ಗುರುತಿದ್ದ ಜಾಗವನ್ನು ಮುಟ್ಟಿಕೊಂಡಳು. "ಇನ್ನೂ ಇದಾವಾ ಅವು? ಆಗ್ಲೇ ಬಿಸಾಕಿರ್ತಾರೆ ಅಂದ್ಕೊಂಡಿದ್ದೆ."

ಅವನು ಹೇಳತೊಡಗಿದ. ಅವು ಹೇಗೆ ಬೆಳೆದವು, ಹೇಗೆ ಮೀನುಗಳಂತೆ ಕಾಣುತ್ತವೆ, ಗುಲಾಬಿ ದ್ರವ ಹಳದಿಗೆ ತಿರುಗಿದರೆ ಹೇಗೆ ಬದಲಿಸಬೇಕು, ದಸರಾ ರಜೆಯಲ್ಲೂ ತಾನು ಹೋದದ್ದು, ಹರ್ಷಿತಾ ಊಟ ಆಯ್ತಾ ಎಂದು ಕೇಳುವುದು, ಗುರುವಾರ ಅವು ಉಂಡೆಯಾಗಿ ತೇಲುವಾಗ ತಾನು ಅವಳ ಹೆಸರು ಹಿಡಿದು ಕರೆದದ್ದು. ಹೇಳುತ್ತ ಹೇಳುತ್ತ ಇದೆಲ್ಲ ಪ್ರೀತಿಯ ಮಾತೆಂದು ಅವಳಿಗೆ ತಿಳಿದೀತು ಎಂದು ಆಸೆಪಟ್ಟ. ಅವಳಿಗೆ ತಿಳಿಯಿತು. ತಿಳಿದದ್ದಕ್ಕೇ ಅವಳ ಕಣ್ಣು ತುಂಬಿತು.

"ಅವಕ್ಕೆ ಊಟ ಹಾಕೋಕೆ ಭಾನುವಾರಾನೂ ಬಸ್ ಹತ್ಕೊಂಡು ಹೋಗ್ತೀರ. ನನಗೆ ಒಂದು ಮಾತು ಹೇಳೋಕೆ ಎರಡು ದಿನ ಬೇಕಾಯ್ತಾ?" ಅಂದಳು. "ನಾನು ಮಾಡಿದ್ದು ತಪ್ಪಾದ್ರೆ ತಪ್ಪು. ಬೇರೆ ಥರ ಮಾಡ್ತೀನಿ. ಅದಲ್ಲ. ಅಲ್ಲಿ ತಟ್ಟೇಲಿರೋ ನನ್ನನ್ನ ನೀವು ಅಷ್ಟು ನೋಡ್ಕೊಳ್ತೀರ, ಇಲ್ಲಿ ಎದುರಿಗಿರೋಳು ತಡ್ಕೊಳ್ಳಲ್ಲ ಅಂದ್ಕೊಂಡ್ರಾ?"

ತಟ್ಟೆಯ ಕಾವ್ಯಶ್ರೀ ಪ್ರಶ್ನೆ ಕೇಳುತ್ತಿರಲಿಲ್ಲ. ಅವನ ನಿಧಾನಕ್ಕೆ, ನಡುಗುವ ಕೈಗೆ, ದೊಡ್ಡವನಾಗಿಯೂ ಚಿಕ್ಕವರ ಎದುರು ಕಲಿಯುವ ನಾಚಿಕೆಗೆ ಅಲ್ಲಿ ಸಾಕ್ಷಿಯಿರಲಿಲ್ಲ. ಅದನ್ನು ಹೇಳಲು ಬಾಯಿ ತೆರೆದ, ಹೇಳಿದ. ಅಷ್ಟು ಚೆನ್ನಾಗಿ ಅಲ್ಲ, ಅರ್ಧ ಅರೆಭಾಷೆಯಲ್ಲಿ, ತಡವರಿಸಿಕೊಂಡು. ಅವಳು ಪೂರ್ತಿ ಕೇಳಿಸಿಕೊಂಡಳು. ಮುಖ ಒರೆಸಿಕೊಂಡು ಎದ್ದಳು. "ಮೊದ್ಲು ಮನೆಗೆ ಹೋಗಣ. ಬಾಟ್ಲಿ ತಗೊಂಡೋರಿಗೆಲ್ಲ ಹೇಳ್ಬೇಕಲ್ಲ."

ಆ ಮಧ್ಯಾಹ್ನ ಅವಳು ಊಟವನ್ನೂ ಮಾಡದೆ ಫೋನು ಹಿಡಿದು ಕೂತಳು. ಅವನು ಪಕ್ಕದಲ್ಲಿ ಕೂತು ಒಬ್ಬೊಬ್ಬರ ನಂಬರು ಹುಡುಕಿ ಕೊಟ್ಟ. "ನಾನು ಕಾವ್ಯಶ್ರೀ. ಆ ಅರ್ಕ ಕೊಟ್ಟಿದ್ನಲ್ಲ, ಅದನ್ನ ಹಚ್ಬೇಡಿ. ಹೌದು, ಪರೀಕ್ಷೇಲಿ ಸರಿ ಬರ್ಲಿಲ್ಲ. ಇಲ್ಲ, ನಿಮಗೇನೂ ಆಗಲ್ಲ, ಗಾಯದ ಮೇಲೆ ಮಾತ್ರ ಬೇಡವೇ ಬೇಡ. ಹೌದು, ನನ್ನದೇ ತಪ್ಪು, ಮೊದಲೇ ನೋಡ್ಬೇಕಿತ್ತು." ಪ್ರತಿ ಸಲವೂ ಅವಳು 'ನನ್ನದೇ' ಅಂದಳು, ಅವನ ಹೆಸರು ಎತ್ತಲಿಲ್ಲ. ಕೆಲವರು ಒಳ್ಳೆಯ ಮಾತಾಡಿದರು. ಪೊನ್ನಪ್ಪ ಎನ್ನುವ ಎಸ್ಟೇಟಿನವರು ತಮ್ಮ ನಾಯಿಯ ಗಾಯಕ್ಕೆ ಹಚ್ಚಿದ್ದರಂತೆ, ನಾಯಿ ಚೆನ್ನಾಗಿದೆ ಎಂದು ನಕ್ಕರು. ಶರ್ಮಿಳಾ ಅವರು ತುಂಬ ಹೊತ್ತು ಏನೇನೋ ಹೇಳಿದರು. ಕಾವ್ಯಶ್ರೀ ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದು, ಹೂಂ ಮೇಡಂ, ಸರಿ ಮೇಡಂ ಎನ್ನುತ್ತಲೇ ಇದ್ದಳು. ಅವಳ ಕಿವಿಯ ತುದಿ ಕೆಂಪಾಯಿತು. ಶಶಿಧರ ಆ ಫೋನನ್ನು ಕಿತ್ತುಕೊಂಡು, ತಪ್ಪು ನನ್ನದು ಎಂದು ಕೂಗಬೇಕೆಂದು ಕೈ ಚಾಚಿದ. ಅವಳು ತಲೆಯಾಡಿಸಿ ಬೇಡ ಎಂದಳು. ಮುಂದಿನ ಕರೆಗೆ ಮೊದಲು ಅವನೇ ಫೋನು ತೆಗೆದುಕೊಂಡು, "ನಾನು ಶಶಿಧರ, ಕಾವ್ಯಶ್ರೀ ಗಂಡ. ಗೊತ್ತಿದ್ದೂ ತಡವಾಗಿ ಹೇಳಿದೋನು ನಾನು," ಎಂದು ಶುರು ಮಾಡಿದ. ಅವಳು ಎದ್ದುಹೋಗಿ ಎರಡು ತಟ್ಟೆಗೆ ಅನ್ನ ಬಡಿಸಿಕೊಂಡು ಬಂದಳು.

ಉಂಡ ಮೇಲೆ ಅವಳು ಹೇಳಿದ್ದು ಇಷ್ಟೇ. "ನನ್ನನ್ನೂ ಕರ್ಕೊಂಡು ಹೋಗಿ. ನಾನು ನೋಡ್ಬೇಕು ಅವನ್ನ."

ಸೋಮವಾರ ಅವನು ಕಾಲೇಜಿಗೆ ರಜೆ ಹಾಕಿದ. ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತು ಹೆಚ್ಚು ಮಾತಾಡಲಿಲ್ಲ. ನಾಗರಾಜು ಫೋನು ಮಾಡಿ, ಅವ್ವ ಆಸ್ಪತ್ರೆಯ ನರ್ಸಿನ ಊರು ಕೇರಿ ವಿಚಾರಿಸಿ ನೆಂಟಸ್ತನ ಹುಡುಕಿಕೊಂಡಿದ್ದಾಳೆ ಎಂದಾಗ ಮಾತ್ರ ನಕ್ಕಳು. ಲ್ಯಾಬಿನ ಬಾಗಿಲಲ್ಲಿ ಹರ್ಷಿತಾ ಇವರನ್ನು ಕಂಡು ಒಂದು ಕ್ಷಣ ಪೆಚ್ಚಾದಳು. ಯಾವಾಗಲೂ ಯಾರ ಹೆಸರು ಹಿಡಿದು ತಮಾಷೆ ಮಾಡುತ್ತಿದ್ದಳೋ ಅವಳು ಸೀರೆಯುಟ್ಟು ಎದುರಿಗೆ ನಿಂತಿದ್ದಳು. "ಬನ್ನಿ ಮೇಡಂ," ಎಂದು ಬಿಳಿ ಕೋಟು ತೊಡಿಸಿದಳು, ಕೈಗವಸು ಹಾಕಿಕೊಳ್ಳುವುದನ್ನು ತೋರಿಸಿದಳು. ಸೂಕ್ಷ್ಮದರ್ಶಕದ ಕೆಳಗೆ ತಟ್ಟೆಯಿಟ್ಟು ತಿರುಪು ತಿರುಗಿಸಿ ಸ್ಪಷ್ಟ ಮಾಡಿಕೊಟ್ಟಳು. ಕಾವ್ಯಶ್ರೀ ಬಗ್ಗಿ ನೋಡಿದಳು. ತುಂಬ ಹೊತ್ತು ನೋಡಿದಳು. "ಇಷ್ಟೊಂದಾ?" ಎಂದಳು. ಆಮೇಲೆ, "ನಾನು ಹಿಂಗಿದೀನಾ," ಎಂದಳು, ಯಾರನ್ನೂ ಕೇಳದ ಹಾಗೆ.

ನೀರಿನ ಸಾರದ್ದು ಇನ್ನೊಂದು ಪರೀಕ್ಷೆ ಬಾಕಿಯಿತ್ತು. ತಟ್ಟೆಯ ತಳದಲ್ಲಿ ಒತ್ತೊತ್ತಾಗಿ ಬೆಳೆದ ಜೀವಕೋಶಗಳ ನಡುವೆ ಸಣ್ಣ ಪ್ಲಾಸ್ಟಿಕ್ ಮೊನೆಯಿಂದ ನೆಟ್ಟಗೆ ಒಂದು ಗೀರು ಎಳೆಯಬೇಕು. ಗೀರಿದ ಜಾಗ ಖಾಲಿಯಾಗುತ್ತದೆ. ಎರಡೂ ದಡದ ಜೀವಕೋಶಗಳು ಹರಿದು ಬಂದು ಅದನ್ನು ಎಷ್ಟು ಬೇಗ ಮುಚ್ಚುತ್ತವೆ ಎಂದು ನೋಡಬೇಕು. ಒಂದರಲ್ಲಿ ಬರೀ ಪೋಷಕ ದ್ರವ, ಇನ್ನೊಂದರಲ್ಲಿ ಸಾರ. ಗೀರು ಎಳೆಯುವ ಕೆಲಸಕ್ಕೆ ಶಶಿಧರ ಯಾವಾಗಲೂ ಹೆದರುತ್ತಿದ್ದ, ಅವನ ಗೀರು ಹಾವಿನಂತೆ ಸೊಟ್ಟಗಾಗುತ್ತಿತ್ತು. ಹರ್ಷಿತಾ ಅವನನ್ನು ನೋಡಿ, ಕಾವ್ಯಶ್ರೀಯನ್ನು ನೋಡಿ, "ಮೇಡಂ, ನೀವೇ ಎಳೀತೀರಾ?" ಎಂದಳು.

ಕಾವ್ಯಶ್ರೀ ಹಳದಿ ಮೊನೆಯನ್ನು ಬೆರಳಲ್ಲಿ ಹಿಡಿದು ತಟ್ಟೆಯ ಮೇಲೆ ತಂದು ನಿಲ್ಲಿಸಿದಳು. "ಇದು ನೋಯ್ತದಾ?"

ಹರ್ಷಿತಾ ಏನೋ ವಿವರಿಸಲು ಹೊರಟಳು. ನರಗಳ ಬಗ್ಗೆ ಇರಬೇಕು. ಅರ್ಧಕ್ಕೇ ನಿಲ್ಲಿಸಿ, "ಇಲ್ಲ ಮೇಡಂ, ನೋಯಲ್ಲ," ಎಂದಳು.

ಕಾವ್ಯಶ್ರೀ ಉಸಿರು ಹಿಡಿದು ಗೀರು ಎಳೆದಳು. ದಾರ ಹಿಡಿದಂತೆ ನೆಟ್ಟಗೆ ಬಂತು, ಎರಡನೇ ತಟ್ಟೆಯಲ್ಲೂ ಹಾಗೆಯೇ. ಶಶಿಧರನಿಗೆ ಏಕೋ ಕಣ್ಣು ಮಂಜಾಯಿತು, ಹೆಮ್ಮೆಯಿಂದ ಎಂದುಕೊಂಡ.

ಆ ರಾತ್ರಿ ಮೈಸೂರಿನಲ್ಲೇ ಕಾವ್ಯಶ್ರೀಯ ಗೆಳತಿಯೊಬ್ಬಳ ಮನೆಯಲ್ಲಿ ಉಳಿದರು. ಗೆಳತಿಯ ಎದುರು ಇಬ್ಬರೂ ಏನೂ ಆಗದವರಂತೆ ಮಾತಾಡಿದರು. ಹಾಗೆ ನಟಿಸುತ್ತ ನಟಿಸುತ್ತ ಒಂದೆರಡು ಸಲ ನಿಜವಾಗಿಯೂ ನಕ್ಕುಬಿಟ್ಟರು. ಬೆಳಿಗ್ಗೆ ತಿಂಡಿಗೂ ಕಾಯದೆ ಅವಳೇ ಅವನನ್ನು ಎಬ್ಬಿಸಿಕೊಂಡು ಲ್ಯಾಬಿಗೆ ಹೊರಟಳು. ಹರ್ಷಿತಾ ಮೊದಲು ಬರೀ ದ್ರವದ ತಟ್ಟೆ ಇಟ್ಟಳು. ಖಾಲಿ ದಾರಿಯ ಎರಡೂ ದಡದಿಂದ ಅಲ್ಲೊಂದು ಇಲ್ಲೊಂದು ಹೊರಟು ಬಂದಿದ್ದವು. ಆಮೇಲೆ ಸಾರದ ತಟ್ಟೆ. ಕಾವ್ಯಶ್ರೀ ಸ್ಟೂಲಿನ ಮೇಲೆ ಕೂತು ಬಗ್ಗಿದಳು.

"ಈ ಕಡೆಯವು ಆ ಕಡೆಯವನ್ನ ಮುಟ್ಟಿದಾವೆ ಕಣ್ರೀ," ಅಂದಳು. "ಎಲ್ಲಾ ಕಡೆ ಅಲ್ಲ. ನಡುವೆ ಒಂದು ಜಾಗದಲ್ಲಿ."

"ಒಂದು ಸಲ ನೋಡಿ ಹೇಳೋಕಾಗಲ್ಲ ಮೇಡಂ. ಮತ್ತೆ ಮತ್ತೆ ಮಾಡಿ ನೋಡ್ಬೇಕು. ಬೇರೆಯವರ ಜೀವಕೋಶದ ಮೇಲೂ," ಎಂದಳು ಹರ್ಷಿತಾ. "ಮಾಡಣ. ಆಗೋ ತನಕ ಯಾರಿಗೂ ಕೊಡಲ್ಲ," ಅಂದಳು ಕಾವ್ಯಶ್ರೀ. ಹುಡುಗಿ ಕಾಫಿ ತರುತ್ತೇನೆಂದು ಹೊರಗೆ ಹೋದಳು, ಈ ಸಲ ಫೋನಿನ ನೆಪವಿಲ್ಲದೆ.

ಶಶಿಧರ ಅವಳ ಹಿಂದೆ ನಿಂತಿದ್ದ. ದೊಗಳೆ ಬಿಳಿ ಕೋಟಿನೊಳಗೆ ಅವಳ ಬೆನ್ನು ಬಾಗಿತ್ತು. ಉಸಿರಾಡುತ್ತಿತ್ತು. ಇಷ್ಟು ಕಾಲ ತಾನು ಬಗ್ಗಿ ಬಗ್ಗಿ ನೋಡಿದ್ದು ಇದರ ಒಂದು ಚೂರು. ಪೂರ್ತಿ ಇದು ಇಲ್ಲಿದೆ, ಬೆವರುತ್ತದೆ, ಸಿಟ್ಟಾಗುತ್ತದೆ, ಬಸ್ಸಿನಲ್ಲಿ ಮುಖ ತಿರುಗಿಸಿ ಕೂರುತ್ತದೆ.

"ಸಮಾಧಾನ ಆಯ್ತಾ?" ಎಂದು ಕೇಳಿದ. ಪರೀಕ್ಷೆಯ ಬಗ್ಗೆಯೇ ಕೇಳಿದ್ದು ಎನ್ನುವಂತೆ.

ಅವಳು ಕಣ್ಣು ಕೀಳಲಿಲ್ಲ. "ನನ್ನ ಚರ್ಮಕ್ಕೆ ಆಗ್ತಾ ಇದೆ ಅಂತ ಕಾಣ್ತದೆ. ನನಗೆ ಇನ್ನೂ ಸ್ವಲ್ಪ ಟೈಮ್ ಕೊಡಿ."

ಅವನು ನಕ್ಕ. ಅವಳು ನಗಲಿಲ್ಲ. ಆದರೆ ನೋಡುತ್ತಿದ್ದ ಹಾಗೆಯೇ, ತಲೆಯೆತ್ತದೆ, ಸ್ಟೂಲಿನ ಮೇಲೆ ಒಂದು ಪಕ್ಕಕ್ಕೆ ಸರಿದಳು. ಉಳಿದ ಜಾಗ ಅರ್ಧಕ್ಕಿಂತ ಕಡಿಮೆಯೇ ಇತ್ತು. ಅವನು ಒಂದು ಕಾಲನ್ನು ನೆಲಕ್ಕೆ ಗಟ್ಟಿಯಾಗಿ ಊರಿ, ಬೀಳದ ಹಾಗೆ, ಅವಳನ್ನು ಒತ್ತಿಕೊಂಡು ಕೂತ.